ನೀರಿನ ಟ್ಯಾಂಕ್ ಮೇಲೆ ಒಂದು ಡಿಶ್‌ಗೆ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಮ್ಮೂರಲ್ಲಿ ಇಂಟರ್ನೆಟ್ ಸಿಗುತ್ತಿಲ್ಲ, ಇನ್ನೊಂದು ಮೊಬೈಲ್ ಟವರ್ ಹಾಕಿಸಿ ಎಂದು ಗದಗ ಜಿಲ್ಲೆಯ ಓದುಗರು ಬರೆಯುವ ಪತ್ರಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ಅವರ ಸಂಕಟ ಸುಳ್ಳಲ್ಲ. ಆದರೆ ಟವರ್ ಒಂದೇ ದಾರಿ ಎಂದು ನಂಬಿ ಕೂತರೆ ಇನ್ನೂ ಬಹಳ ದಿನ ಕೂರಬೇಕಾದೀತು. ಬೇಕಾದ ಎತ್ತರ ಎಷ್ಟೋ ಊರುಗಳಲ್ಲಿ ಆಗಲೇ ಎದ್ದು ನಿಂತಿದೆ. ಊರಿನ ನೀರಿನ ಟ್ಯಾಂಕ್ ನೋಡಿ. ಅದರ ಕಟಾಂಜನಕ್ಕೆ ಒಂದು ಸಣ್ಣ ಡಿಶ್ ಕಟ್ಟಿದರೆ ನಾಲ್ಕೈದು ಕಿಲೋಮೀಟರ್ ದೂರದ ಹಳ್ಳಿಗೂ ತೋಟದ ಮನೆಗೂ ನೆಟ್ ಹೋಗುತ್ತದೆ. ಡಿಶ್ ಇದೆ, ಕಟ್ಟುವವರಿದ್ದೇವೆ. ಅನುಮತಿಯ ಒಂದು ಕಾಗದಕ್ಕೆ ಮಾತ್ರ ಗತಿಯಿಲ್ಲ. ಆ ಕಾಗದದ ಬಗ್ಗೆಯೇ ಈ ಪತ್ರ.

ನಾನು ಮುಂಡರಗಿ ತಾಲ್ಲೂಕಿನವನು. ಮೊದಲು ಕೇಬಲ್ ಟಿವಿಯ ತಂತಿ ಎಳೆಯುತ್ತಿದ್ದೆ. ಮನೆಮನೆಗೂ ಡಿಟಿಎಚ್ ಬಂದ ಮೇಲೆ ಆ ಕೆಲಸ ಕುಸಿಯಿತು. ಈಗ ಒಂದು ಸಣ್ಣ ಇಂಟರ್ನೆಟ್ ಕಂಪನಿಗೆ ಹಳ್ಳಿಗಳಲ್ಲಿ ತಂತಿಯಿಲ್ಲದೆ ನೆಟ್ ದಾಟಿಸುವ ವೈರ್‌ಲೆಸ್ ಲಿಂಕ್ ಕೂರಿಸಿಕೊಡುತ್ತೇನೆ. ಅಂದರೆ ಇದರಲ್ಲಿ ನನ್ನ ಹೊಟ್ಟೆಪಾಡೂ ಇದೆ. ಮುಚ್ಚಿಟ್ಟು ಬರೆಯುವುದಿಲ್ಲ. ಅಷ್ಟನ್ನು ಕಳೆದು ಓದಿಕೊಳ್ಳಿ.

ಇಂಟರ್ನೆಟ್ ತರುವ ಫೈಬರ್ ಕೇಬಲ್ ಬರಲೇ ಇಲ್ಲ ಎಂದು ಜನ ಬೈಯುತ್ತಾರೆ. ಬಂದಿದೆ, ಆದರೆ ಪಂಚಾಯಿತಿ ಕಚೇರಿಯ ಬಾಗಿಲವರೆಗೆ ಬಂದು ನಿಂತಿದೆ. ದೇಶದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರಲ್ಲೇ ಒಪ್ಪಿಗೆ ಕೊಟ್ಟಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಿಟ್ಟರು. 2023ರಲ್ಲಿ ಯೋಜನೆಯನ್ನು ತಿದ್ದಿ, ಸುಮಾರು 1.39 ಲಕ್ಷ ಕೋಟಿ ರೂಪಾಯಿ ಎತ್ತಿಟ್ಟು, ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆ ಇದ್ದರೆ ಕೊಡುತ್ತೇವೆ ಎಂದರು. ಒಳ್ಳೆಯದೇ. ಆದರೆ ನಮ್ಮ ಕಡೆ ಒಂದು ಪಂಚಾಯಿತಿಗೆ ಮೂರ್ನಾಲ್ಕು ಊರು ಸೇರಿರುತ್ತವೆ. ಒಂದೊಂದು ಊರಿನ ನಡುವೆ ಮೂರರಿಂದ ಆರು ಕಿಲೋಮೀಟರ್ ಬರೀ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ನೆಲ ಬಗೆದು ಕೇಬಲ್ ಹಾಕಿದರೆ ನೀರಿನ ಪೈಪ್‌ಲೈನ್‌ಗೆ ಬಂದ ಜೆಸಿಬಿ ಕೀಳುತ್ತದೆ. ರಸ್ತೆ ಅಗಲ ಮಾಡುವವರು ಕೀಳುತ್ತಾರೆ. ರೋಣ, ನವಲಗುಂದದ ಕಡೆ ಬೆಣ್ಣೆಹಳ್ಳ ಉಕ್ಕಿದರೆ ಸೇತುವೆ ಪಕ್ಕದ್ದು ನೀರು ಪಾಲು. ಮೂವತ್ತು ಮನೆಯ ಊರಿಗೆ ಇಷ್ಟೆಲ್ಲ ಮಾಡಿ ಕೇಬಲ್ ಎಳೆಯಲು ಯಾವ ಕಂಪನಿಗೂ ಗಿಟ್ಟುವುದಿಲ್ಲ. ಪಂಚಾಯಿತಿಯ ಫೈಬರ್‌ನಿಂದ ಟ್ಯಾಂಕ್ ಮೇಲಿನ ಡಿಶ್‌ಗೆ ನೆಟ್ ತಂದು, ಈ ಕೊನೆಯ ನಾಲ್ಕೈದು ಕಿಲೋಮೀಟರನ್ನು ಗಾಳಿಯಲ್ಲಿ ದಾಟಿಸುವುದು ನನ್ನ ಕೆಲಸ.

ಇದಕ್ಕೆ ಸ್ಪೆಕ್ಟ್ರಂ, ಅಂದರೆ ರೇಡಿಯೊ ಅಲೆಗಳ ಜಾಗ, ಹರಾಜಿನಲ್ಲಿ ಹಿಡಿಯಬೇಕಿಲ್ಲ. 5 ಗಿಗಾಹರ್ಟ್ಸ್ ಅಲೆಗಳ ಪಟ್ಟಿಯಲ್ಲಿ (ಬ್ಯಾಂಡ್) ಒಟ್ಟು 605 ಮೆಗಾಹರ್ಟ್ಸ್‌ನಷ್ಟು ಜಾಗವನ್ನು ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಲೈಸೆನ್ಸ್‌ನಿಂದ ಮುಕ್ತ ಮಾಡಿತು. ಶಕ್ತಿಯ ಮಿತಿ ಮೀರದಿದ್ದರೆ ಯಾರು ಬೇಕಾದರೂ ಬಳಸಬಹುದು. ಜನರಿಗೆ ಇಂಟರ್ನೆಟ್ ಮಾರಲು ಮಾತ್ರ ಕಂಪನಿಗೆ ಸರ್ಕಾರದ ಪರವಾನಗಿ ಬೇಕು. ಅದು ಇದ್ದೇ ಇರುತ್ತದೆ. ಗ್ರಾಹಕರ ಮನೆಗೆ ಒಂದು ಡಿಶ್, ಅಲೆ ಕಳಿಸಿ ಹಿಡಿಯುವ ಒಂದು ರೇಡಿಯೊ, ಒಂದು ಕಂಬ, ಮನೆಯೊಳಗೆ ಒಂದು ವೈಫೈ ಪೆಟ್ಟಿಗೆ. ರೇಡಿಯೊ ಡಿಶ್‌ನ ಬೆಲೆ ಐದಾರು ಸಾವಿರ ರೂಪಾಯಿ ಆಸುಪಾಸು. ಎರಡು ತುದಿಗೆ ಒಂದೊಂದು ಡಿಶ್, ಹೀಗೆ ಒಂದು ಜೋಡಿ ಸಾಕು ಅನ್ನುವ ಕಡೆ ಅರ್ಧ ದಿನದ ಕೆಲಸ.

ಆದರೆ ಎರಡು ಡಿಶ್‌ಗಳು ಒಂದನ್ನೊಂದು ನೋಡಬೇಕು. ಎಲ್ಲ ಇರುವುದು ಇಲ್ಲೇ. 5 ಗಿಗಾಹರ್ಟ್ಸ್ ಅಲೆ ಗೋಡೆ ತೂರುವುದಿಲ್ಲ, ಗುಡ್ಡ ಹತ್ತಿ ಇಳಿಯುವುದಿಲ್ಲ, ಎಲೆ ತುಂಬಿದ ಗಿಡವನ್ನೂ ಸರಿಯಾಗಿ ದಾಟುವುದಿಲ್ಲ. ಕಪ್ಪತಗುಡ್ಡದ ಈ ಬದಿಯ ಟ್ಯಾಂಕ್‌ನಿಂದ ಆ ಬದಿಯ ಊರಿಗೆ ಕೊಡಿ ಎಂದರೆ ಆಗುವುದಿಲ್ಲ. ಸುತ್ತಿ ಬಳಸಿ, ನಡುವೆ ಒಂದು ಕಡೆ ಮತ್ತೊಂದು ಜೋಡಿ ಇಟ್ಟು ಒಯ್ಯಬೇಕು. ರೋಣ, ನರಗುಂದದ ಬಯಲಲ್ಲಿ ಈ ತಾಪತ್ರಯ ಕಡಿಮೆ. ಅಲ್ಲಿ ಟ್ಯಾಂಕ್ ಹತ್ತಿ ನಿಂತರೆ ಪಕ್ಕದೂರಿನ ಗುಡಿಯ ಕಳಸ ಬರಿಗಣ್ಣಿಗೇ ಕಾಣುತ್ತದೆ. ಇಡೀ ರಾಜ್ಯದಲ್ಲಿ ಈ ಕೆಲಸಕ್ಕೆ ಇಂಥ ನೆಲ ಸಿಗುವುದು ಕಷ್ಟ ಅಂತ ನನ್ನ ಅನಿಸಿಕೆ. ಹಾವೇರಿ ಜಿಲ್ಲೆಯ ಹಾನಗಲ್ ಕಡೆ ಹೋಗಿ ನೋಡಿ, ಗಿಡಮರಗಳ ನಡುವೆ ಒಂದು ಲಿಂಕ್ ಕೂರಿಸುವುದರಲ್ಲಿ ಸಾಕುಸಾಕಾಗುತ್ತದೆ.

ಕಣ್ಣಿಗೆ ಕಂಡರೂ ಸಾಲದು. ಗ್ರಾಹಕರಿಗೆ ಇದನ್ನು ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. ಅಲೆ ದಾರದ ಹಾಗೆ ನೆಟ್ಟಗೆ ಹೋಗುವುದಿಲ್ಲ. ಎರಡು ತುದಿಯಲ್ಲಿ ಚೂಪು, ನಡುವೆ ದಪ್ಪ, ಸೌತೆಕಾಯಿಯ ಹಾಗೆ. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. 5 ಕಿಲೋಮೀಟರ್ ಲಿಂಕ್‌ನಲ್ಲಿ ಸರಿ ಮಧ್ಯಕ್ಕೆ ಈ ಸೌತೆಕಾಯಿಯ ಅರ್ಧ ದಪ್ಪ ಸುಮಾರು 8 ಮೀಟರ್. ಅದರಲ್ಲಿ ನೂರಕ್ಕೆ ಅರವತ್ತರಷ್ಟಾದರೂ, ಅಂದರೆ ಹತ್ತಿರ ಹತ್ತಿರ 5 ಮೀಟರ್, ಖಾಲಿ ಇರಬೇಕು. ಈಗ ಲೆಕ್ಕ ಹಾಕಿ. ಟ್ಯಾಂಕ್ ತುದಿ 15 ಮೀಟರ್ ಎತ್ತರ. ಮನೆಯ ಮೇಲಿನ ಕಂಬ 6 ಮೀಟರ್. ನಡುದಾರಿಯಲ್ಲಿ ಗೆರೆ ಹಾಯುವುದು ಹತ್ತೂವರೆ ಮೀಟರ್‌ನಲ್ಲಿ. ಅದರಿಂದ ಐದು ಕಳೆದರೆ ಐದೂವರೆ ಉಳಿಯಿತು. ಹಿಂಗಾರಿ ಜೋಳ ಎಷ್ಟೇ ಹುಲುಸಾಗಿ ಬೆಳೆದರೂ ಅದರ ಅಡಿಯಲ್ಲೇ ಇರುತ್ತದೆ. ಬೇವಿನ ಗಿಡ ಮಾತ್ರ ಅದನ್ನು ಮೀರಿ ನಿಲ್ಲುತ್ತದೆ. ಅದೇ ಟ್ಯಾಂಕ್ ಸಿಗದೆ ಶಾಲೆಯ ಮಾಳಿಗೆ ಮೇಲೆ ಡಿಶ್ ಇಟ್ಟರೆ ಎರಡೂ ಕಡೆ 6 ಮೀಟರ್. ಆಗ ಉಳಿಯುವುದು ಒಂದು ಮೀಟರ್. ಜೋಳದ ತೆನೆಯೇ ಅಡ್ಡ ಬರುತ್ತದೆ! ಟ್ಯಾಂಕ್, ಟ್ಯಾಂಕ್ ಎಂದು ನಾನು ಬಡಕೊಳ್ಳುವುದು ಇದಕ್ಕೇ.

ಬೇವಿನ ಗಿಡದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಶಿವರಾತ್ರಿ ಆಸುಪಾಸಿನಲ್ಲಿ ಬೇವು ಎಲೆ ಉದುರಿಸಿ ಬರಿದಾಗಿರುತ್ತದೆ. ಆಗ ಲಿಂಕ್ ಕೂರಿಸಿದರೆ ಸಿಗ್ನಲ್ ಚೊಲೋ ಬರುತ್ತದೆ. ಯುಗಾದಿಗೆ ಗಿಡ ಚಿಗುರುತ್ತದೆ, ನೆಟ್ ಸಾಯುತ್ತದೆ. ಗ್ರಾಹಕ ಕಂಪನಿಗೆ ಬೈಯುತ್ತಾನೆ, ಕಂಪನಿ ನನಗೆ ಬೈಯುತ್ತದೆ. ಹಾಗಾಗಿ ಬೋಳು ಗಿಡ ಅಡ್ಡ ಇದ್ದರೂ ಅದು ಎಲೆ ತುಂಬಿ ನಿಂತಿದೆ ಅಂತಲೇ ಲೆಕ್ಕ ಹಿಡಿಯಬೇಕು. ಗಿಡ ಕಡಿಯಿರಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಕಂಬವನ್ನು ಮನೆಯ ಇನ್ನೊಂದು ಮೂಲೆಗೆ ಸರಿಸಿದರೆ ಎಷ್ಟೋ ಸಲ ದಾರಿ ಸಿಗುತ್ತದೆ.

ಡಿಶ್ ತಿರುಗಿಸುವುದೂ ಸುಮ್ನೆ ಅಲ್ಲ. ನಾವು ಬಳಸುವ ಡಿಶ್‌ನ ನೋಟ ಏಳೆಂಟು ಡಿಗ್ರಿ ಅಗಲ, ಅಷ್ಟೇ. 5 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ 87 ಮೀಟರ್ ಆಚೀಚೆ. ಒಬ್ಬ ಟ್ಯಾಂಕ್ ಮೇಲೆ, ಇನ್ನೊಬ್ಬ ಮನೆ ಮೇಲೆ ನಿಂತು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಫೋನಿನಲ್ಲಿ ಮಾತಾಡಿಕೊಂಡು ಮಾಡೋಣ ಅಂದರೆ ಆ ಊರಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಇದ್ದಿದ್ದರೆ ನಮ್ಮನ್ನು ಯಾಕೆ ಕರೆಯುತ್ತಿದ್ದರು? ಅದಕ್ಕೆ ನಮ್ಮ ಚೀಲದಲ್ಲಿ ಒಂದು ಕನ್ನಡಿ ಇರುತ್ತದೆ. ಮನೆ ಮೇಲೆ ನಿಂತವನು ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಟ್ಯಾಂಕ್ ಕಡೆ ಹೊಳೆಯಿಸುತ್ತಾನೆ. ಮೂರು ಹೊಳಪು ಕಂಡರೆ ದಿಕ್ಕು ಸಿಕ್ಕಿತು. ಆಮೇಲೆ ಪರದೆ ಮೇಲೆ ಸಿಗ್ನಲ್ ಎಷ್ಟು ಬಲವಾಗಿದೆ ಎಂದು ತೋರಿಸುವ ಅಂಕಿ ನೋಡಿಕೊಂಡು ನಿಧಾನಕ್ಕೆ ಬಿಗಿಯಬೇಕು. ಇಲ್ಲೊಂದು ಮೋಸ ಇದೆ. ಡಿಶ್‌ಗೆ ನಡು ನೋಟದ ಜೊತೆ ಪಕ್ಕದ ಸಣ್ಣ ನೋಟಗಳೂ ಇರುತ್ತವೆ. ಹೊಸ ಹುಡುಗರು ಪಕ್ಕದ ನೋಟದಲ್ಲಿ ಮೈನಸ್ 75 ಸಿಕ್ಕ ಕೂಡಲೇ ಬೋಲ್ಟ್ ಬಿಗಿದು ಇಳಿದುಬಿಡುತ್ತಾರೆ. ಇನ್ನೊಂದಿಷ್ಟು ತಿರುಗಿಸಿದ್ದರೆ ಮೈನಸ್ 60 ಸಿಗುತ್ತಿತ್ತು. ಈ ಅಂಕಿ ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ನಿಮ್ಮ ಮನೆಗೆ ಲಿಂಕ್ ಹಾಕಲು ಯಾರಾದರೂ ಬಂದರೆ ಈ ಅಂಕಿ ಕೇಳಿ, ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ನೆಟ್ ನಿಧಾನವಾದರೆ ಮೊದಲು ನೋಡಬೇಕಾದದ್ದು ಅದನ್ನೇ.

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳದ್ದು ಬೇರೆಯೇ ಕತೆ. ಮಾಳಿಗೆಗೆ ಒಂದು ಮೊಳೆ ಹೊಡೆದರೂ ಮಳೆಗಾಲದಲ್ಲಿ ಅಲ್ಲಿಂದ ಸೋರುತ್ತದೆ. ಮನೆಯ ಹಿರಿಯರು ಕೋಲು ಹಿಡಿದು ನಿಲ್ಲುವುದರಲ್ಲಿ ತಪ್ಪೇನಿಲ್ಲ. ಕಂಬವನ್ನು ಹೊರಗೋಡೆಗೆ ಎರಡು ಕಡೆ ಹಿಡಿಸಬೇಕು. ಗೋಡೆಯೂ ಮಣ್ಣಿನದಾದರೆ ಅಂಗಳದಲ್ಲಿ ನೆಲಕ್ಕೆ ಹೂಳಬೇಕು. ಹೂಳಿದ್ದು ಎರಿ ನೆಲವಾದರೆ ಮತ್ತೊಂದು ಪೀಕಲಾಟ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಆಗಸ್ಟ್‌ನಲ್ಲಿ ನೆಟ್ಟಗೆ ನಿಂತ ಕಂಬ ಮಾರ್ಚ್‌ನಲ್ಲಿ ವಾಲಿರುತ್ತದೆ. ಕಣ್ಣಿಗೆ ಕಾಣದಷ್ಟು ವಾಲಿದರೂ ಡಿಶ್‌ನ ನೋಟ ತಪ್ಪಿತು. ಬಿಗಿತಂತಿಯ ಗೂಟವೂ ಸಡಿಲ. ಕೆಂಪು ಮಣ್ಣಿನ ಮಸಾರಿ ನೆಲದಲ್ಲಿ ಈ ಕಾಟ ಇಲ್ಲ. ಎರಿಯಲ್ಲಿ ಆಳಕ್ಕೆ ಅಗೆದು ಗರಸು ತುಂಬಿಸಿ ನಿಲ್ಲಿಸಬೇಕು. ಅದಕ್ಕೆ ದುಡ್ಡು ಜಾಸ್ತಿ ಎಂದು ಬಿಟ್ಟವರು ವರ್ಷಕ್ಕೆರಡು ಸಲ ನನ್ನನ್ನು ಕರೆಸುತ್ತಾರೆ.

ಮಳೆ ಬಂದರೆ ನೆಟ್ ಹೋಗುತ್ತದೆ ಎಂಬ ದೂರು ಎಲ್ಲ ಊರಲ್ಲೂ ಇದೆ. ಮಳೆಗೆ ಕೈಕೊಡುವುದು ಟಿವಿಯ ಡಿಶ್. ಅದು 12 ಗಿಗಾಹರ್ಟ್ಸ್ ಹತ್ತಿರ ಕೆಲಸ ಮಾಡುತ್ತದೆ, ಅಲೆ ಉಪಗ್ರಹದಿಂದ ಬರಬೇಕು. ನಮ್ಮ 5 ಗಿಗಾಹರ್ಟ್ಸ್ ಅಲೆಗೆ ನಾಲ್ಕೈದು ಕಿಲೋಮೀಟರ್‌ನಲ್ಲಿ ಮಳೆ ಲೆಕ್ಕಕ್ಕೇ ಇಲ್ಲ. ಹೋಗುವುದು ಕರೆಂಟ್. ಇಲ್ಲವೇ ಕೇಬಲ್ ತುದಿಯ ಪ್ಲಗ್‌ಗೆ ನೀರು ಇಳಿದಿರುತ್ತದೆ. ಕೇಬಲ್ ಒಳಗೆ ಬರುವ ಮುನ್ನ ಒಂದು ಸುತ್ತು ಕೆಳಕ್ಕೆ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟು ಸಣ್ಣ ಕೆಲಸ. ರೇಡಿಯೊ ಮತ್ತು ವೈಫೈ ಪೆಟ್ಟಿಗೆ ಎರಡೂ ಸೇರಿ ತಿನ್ನುವುದು 15 ವ್ಯಾಟ್ ಆಸುಪಾಸು. 12 ವೋಲ್ಟಿನ ಸಣ್ಣ ಬ್ಯಾಟರಿ ಒಂದಿದ್ದರೆ ಮೂರು ತಾಸು ಎಳೆಯುತ್ತದೆ. ಸಿಡಿಲು ಮಾತ್ರ ನಿಜವಾದ ಶತ್ರು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗು ಸಿಡಿಲಿಗೆ ಪವರ್ ಅಡಾಪ್ಟರ್‌ಗಳು ಸಾಲುಸಾಲಾಗಿ ಸುಡುತ್ತವೆ. ಅರ್ಥಿಂಗ್ ಇಲ್ಲದೆ ಕಂಬ ನಿಲ್ಲಿಸಲು ಯಾರನ್ನೂ ಬಿಡಬೇಡಿ.

ಒಂದು ಡಿಶ್ ಊರಿಗೆಲ್ಲ ಸಾಕು ಎಂದು ನಾನು ಹೇಳುವುದಿಲ್ಲ. ಟ್ಯಾಂಕ್ ಮೇಲೆ ಇಡುವ ಸೆಕ್ಟರ್ ಆಂಟೆನಾ ಒಂದು ದಿಕ್ಕಿನ ಎಲ್ಲ ಮನೆಗಳಿಗೂ ಹಂಚುತ್ತದೆ. ಅಲೆ ಹಾಯುವ ಹಾದಿಯನ್ನು, ಅಂದರೆ ಚಾನೆಲ್ಲನ್ನು, ಇಪ್ಪತ್ತು ಮೆಗಾಹರ್ಟ್ಸ್ ಅಗಲ ಇಟ್ಟರೆ ಅಷ್ಟೂ ಮನೆಗೆ ಸೇರಿ ಸಿಗುವ ಸ್ಪೀಡ್ ನೂರು ಎಂಬಿಪಿಎಸ್ ಆಸುಪಾಸು. ಮನೆ ಮೂವತ್ತರ ಮೇಲೆ ಹೋದರೆ ರಾತ್ರಿ ಎಂಟು ಗಂಟೆಗೆ, ಎಲ್ಲರೂ ಕ್ರಿಕೆಟ್ ಹಾಕಿದಾಗ, ವಿಡಿಯೊ ತಿರುಗುತ್ತಾ ಕೂರುತ್ತದೆ. ಬೆಳಿಗ್ಗೆ ಹತ್ತಕ್ಕೆ ಸ್ಪೀಡ್ ತೋರಿಸಿ ದುಡ್ಡು ಕಟ್ಟಿಸಿಕೊಳ್ಳುವವರಿದ್ದಾರೆ. ರಾತ್ರಿ ಎಂಟಕ್ಕೆ ತೋರಿಸು ಎನ್ನಿ. ಇನ್ನು ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2023ಕ್ಕೆ ಮುಂಚೆ ಅರ್ಧ ಎಂಬಿಪಿಎಸ್ ಬಂದರೂ ಬ್ರಾಡ್‌ಬ್ಯಾಂಡೇ ಆಗಿತ್ತು. ಕಾಗದದ ಮೇಲೆ ನಾವೆಲ್ಲ ಬಹಳ ಮುಂದಿದ್ದೇವೆ ಬಿಡಿ. ಫೈಬರ್ ಮನೆಗೇ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಊರೊಳಗಿನ ಒತ್ತೊತ್ತು ಮನೆಗಳಿಗೆ ಫೈಬರ್ ಎಳೆಯಲಿ. ನಾನು ಕೇಳುತ್ತಿರುವುದು ಅದು ತಲುಪದ ಊರಿನ ಮಾತು. 5ಜಿ ಮೇಲೆ ಮನೆಗೆ ನೆಟ್ ಕೊಡುವ ಏರ್‌ಫೈಬರ್ 2023ರಿಂದ ಬಂದಿದೆ, ನಿಜ. ಅದಕ್ಕೆ ಹತ್ತಿರದಲ್ಲಿ 5ಜಿ ಟವರ್ ಬೇಕು. ಮತ್ತೆ ಟವರ್‌ಗೇ ಬಂದು ನಿಂತೆವು, ಅಲ್ವಾ?

ಈಗ ಕಾಗದದ ವಿಷಯ. ನಮ್ಮ ಭಾಗದ ಒಂದು ಊರು, ಹೆಸರು ಬೇಡ. ಪಂಚಾಯಿತಿಯವರು ಬಾಯಿಮಾತಿನಲ್ಲಿ ಹೂಂ ಅಂದರು. ಟ್ಯಾಂಕ್ ಮೇಲೆ ಎರಡು ಡಿಶ್, ಒಂದು ಸೆಕ್ಟರ್ ಕೂರಿಸಿದೆವು. ಪಕ್ಕದ ಎರಡು ಹಳ್ಳಿಗೆ ನೆಟ್ ಹೋಯಿತು. ಅಲ್ಲೊಬ್ಬ ಹೆಣ್ಣುಮಗಳು ಪಹಣಿ, ಬೆಳೆ ವಿಮೆ, ಪರೀಕ್ಷೆ ಅರ್ಜಿ ಹಾಕಿಕೊಡುವ ಆನ್‌ಲೈನ್ ಅಂಗಡಿ ತೆರೆದಳು. ಮದುವೆ ಫೋಟೊ, ವಿಡಿಯೊ ಮಾಡುವ ಹುಡುಗ ಆಲ್ಬಂ ಫೈಲುಗಳನ್ನು ಹಾರ್ಡ್‌ಡಿಸ್ಕ್‌ಗೆ ತುಂಬಿಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಯ ಲ್ಯಾಬ್‌ಗೆ ಹೋಗುತ್ತಿದ್ದ. ಆಮೇಲೆ ಮನೆಯಿಂದಲೇ ಕಳಿಸತೊಡಗಿದ. ಮೆಣಸಿನಕಾಯಿ ಬೆಳೆದವರು ಬ್ಯಾಡಗಿಯ ದರ ನೋಡಿ ಚೀಲ ಕಟ್ಟುತ್ತಿದ್ದರು. ಅಷ್ಟರಲ್ಲಿ ಚುನಾವಣೆ ಆಯಿತು, ಪಂಚಾಯಿತಿಯಲ್ಲಿ ಜನ ಬದಲಾದರು. ಹೊಸಬರು ಅನುಮತಿ ಪತ್ರ ತೋರಿಸಿ ಎಂದರು. ಬಾಯಿಮಾತಿಗೆ ಪತ್ರ ಎಲ್ಲಿಂದ ತರುವುದು? ಅರ್ಜಿ ಕೊಟ್ಟೆವು. ತಾಲ್ಲೂಕು ಪಂಚಾಯಿತಿಯನ್ನು ಕೇಳಿ ಎಂದರು. ಅಲ್ಲಿ, ಟ್ಯಾಂಕ್ ಕಟ್ಟಿದ ಇಲಾಖೆಯನ್ನು ಕೇಳಿ ಎಂದರು. ಇಲಾಖೆಯಲ್ಲಿ, ನಾವು ಕಟ್ಟಿ ಪಂಚಾಯಿತಿಗೆ ಒಪ್ಪಿಸಿದ್ದೇವೆ, ಅವರನ್ನೇ ಕೇಳಿ ಎಂದರು. ಒಂದು ಬೆಳಿಗ್ಗೆ ಡಿಶ್‌ಗಳು ಕೆಳಗಿದ್ದವು. ಯಾರ ಮೇಲೂ ನನಗೆ ಸಿಟ್ಟಿಲ್ಲ. ಬರೆದ ನಿಯಮ ಕೈಯಲ್ಲಿಲ್ಲದೆ ಸಹಿ ಹಾಕಿ ನಾಳೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳಲು ಯಾವ ಪಿಡಿಒ ತಾನೇ ಮುಂದೆ ಬರುತ್ತಾರೆ?

ಕೇಂದ್ರದಲ್ಲಿ ಕಾನೂನಿಗೆ ಕೊರತೆ ಇಲ್ಲ. 2023ರ ದೂರಸಂಪರ್ಕ ಕಾಯ್ದೆ ಇದೆ. ಅದರ ಅಡಿ ಮಾಡಿದ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಸಾರ್ವಜನಿಕ ಆಸ್ತಿಯ ಮೇಲೆ ಇಂಥ ಉಪಕರಣ ಕೂರಿಸಲು ಅರ್ಜಿ ಹಾಕುವ ದಾರಿ ಅದರಲ್ಲಿದೆ. ದೊಡ್ಡ ಕಂಪನಿಗಳಿಗೆ ವಕೀಲರಿದ್ದಾರೆ, ಓಡಾಡಲು ಜನರಿದ್ದಾರೆ. ಐವತ್ತು ಮನೆಗೆ ನೆಟ್ ಕೊಡುವವನಿಗೆ ಅದು ನಿಲುಕುವುದಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿ, ಗ್ರಾಮ ಪಂಚಾಯಿತಿಗಳಿಗೆ ಅರ್ಥವಾಗುವಂತೆ ಎರಡು ಪುಟದ ಸುತ್ತೋಲೆ ಹೊರಡಿಸಿದರೆ ಸಾಕು. ಧಾರವಾಡ, ಹಾವೇರಿಯವರೂ ಅದನ್ನೇ ತೆಗೆದುಕೊಳ್ಳಬಹುದು.

ಅದರಲ್ಲಿ ಏನಿರಬೇಕು ಎಂದು ಟ್ಯಾಂಕ್ ಹತ್ತಿ ಇಳಿದವನಾಗಿ ಹೇಳುತ್ತೇನೆ. ಕುಡಿಯುವ ನೀರು ಮೊದಲು, ನೆಟ್ ಆಮೇಲೆ. ಕಾಂಕ್ರೀಟ್‌ಗೆ ಒಂದು ತೂತೂ ಕೊರೆಯಬಾರದು. ಕಟಾಂಜನಕ್ಕೆ ಕ್ಲಾಂಪ್ ಹಾಕಿ ಬಿಗಿಯಬೇಕು. ಟ್ಯಾಂಕ್‌ನ ಮುಚ್ಚಳದ ಹತ್ತಿರ ಏನೂ ಇರಬಾರದು. ಹಳೆಯ, ಬಿರುಕು ಬಿಟ್ಟ ಟ್ಯಾಂಕ್ ಆದರೆ ಕಿರಿಯ ಎಂಜಿನಿಯರ್ ಬಂದು ನೋಡಿದ ಮೇಲಷ್ಟೇ ಹತ್ತಬೇಕು. ಡಿಶ್ ತೂಗುವುದು ಎರಡು ಮೂರು ಕಿಲೋ, ಆದರೆ ಗಾಳಿ ಅದನ್ನು ಎಳೆಯುವ ಬಲ ಬೇರೆ. ಗಜೇಂದ್ರಗಡದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜಾಳಿಗೆಯಂಥ ಡಿಶ್ ಬಳಸಿದರೆ ಗಾಳಿಯ ಹೊಡೆತ ಕಡಿಮೆ. ಕೀಲಿ ನೀರುಗಂಟಿಯ ಕೈಯಲ್ಲೇ ಇರಲಿ. ಅವರು ಇಲ್ಲದೆ ನಾವು ಹತ್ತಬಾರದು. ಅವರ ಸಮಯಕ್ಕೆ ಕಂಪನಿಯವರು ದುಡ್ಡು ಕೊಡಲಿ. ಈ ಮಾತನ್ನು ಯಾವ ಯೋಜನೆಯಲ್ಲೂ ಯಾರೂ ಬರೆಯುವುದಿಲ್ಲ. ಟ್ಯಾಂಕ್‌ನ ಯಾವ ಮೆಟ್ಟಿಲು ತುಕ್ಕು ಹಿಡಿದಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ ಎಂದು ಗೊತ್ತಿರುವುದು ಅವರಿಗೆ ಮಾತ್ರ.

ಬಾಡಿಗೆ ಪಂಚಾಯಿತಿಗೆ ಹೋಗಲಿ. ವರ್ಷಕ್ಕೆ ಇಷ್ಟು ಎಂದು ಜಿಲ್ಲೆಗೆಲ್ಲ ಒಂದೇ ದರ ಇರಲಿ, ಆಳು ನೋಡಿ ದರ ಹೇಳುವುದು ಬೇಡ. ಅನುಮತಿ ಐದು ವರ್ಷಕ್ಕಾದರೂ ಇರಬೇಕು. ಇಲ್ಲದಿದ್ದರೆ ಯಾವನೂ ಅರ್ಥಿಂಗ್‌ಗೆ, ಬ್ಯಾಟರಿಗೆ ದುಡ್ಡು ಹಾಕುವುದಿಲ್ಲ. ಒಬ್ಬನಿಗೇ ಟ್ಯಾಂಕ್ ಬರೆದುಕೊಡಬಾರದು. ಇದು ನನ್ನ ಕಂಪನಿಯವರಿಗೆ ಇಷ್ಟವಾಗುವ ಮಾತಲ್ಲ, ಇರಲಿ. ಇನ್ನೊಬ್ಬ ಬರುತ್ತಾನೆ ಎಂಬ ಹೆದರಿಕೆ ಇದ್ದರೇ ರಾತ್ರಿ ಎಂಟರ ಸ್ಪೀಡ್ ಸರಿ ಇರುತ್ತದೆ.

ಹಾಗಂತ ನಾಲ್ಕು ಜನ ಒಂದೇ ಟ್ಯಾಂಕ್ ಹತ್ತಿದರೂ ಕಷ್ಟ. ಲೈಸೆನ್ಸ್ ಇಲ್ಲದ ಪಟ್ಟಿ ಅಂದರೆ ಅಡ್ಡಿಯಾದರೆ ದೂರು ಕೇಳುವವರೂ ಇಲ್ಲ. ಇಬ್ಬರು ಒಂದೇ ಚಾನೆಲ್ ಹಾಕಿದರೆ ಇಬ್ಬರದೂ ಹಾಳು. ಪೇಟೆಗಳಲ್ಲಿ ಇದು ಆಗಲೇ ಆಗುತ್ತಿದೆ. ಅದಕ್ಕೆ ಪಂಚಾಯಿತಿಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾರ ಡಿಶ್, ಯಾವ ಊರ ಕಡೆ ಮುಖ, ಯಾವ ಚಾನೆಲ್, ಯಾವ ತಾರೀಕು. ಮೊದಲು ಬಂದವನ ಚಾನೆಲ್ ಬಿಟ್ಟು ನಂತರ ಬಂದವನು ಬೇರೆ ಹಿಡಿಯಬೇಕು. ಬೆಂಗಳೂರಿನಿಂದ ಸಾಫ್ಟ್‌ವೇರ್ ಬರುವವರೆಗೆ ಕಾಯಬೇಕಿಲ್ಲ, ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು.

ಫೈಬರ್ ಪೆಟ್ಟಿಗೆ ಇರುವ ಕೋಣೆಗೂ ಒಂದು ಮಾತು ಸೇರಲಿ. ಸಂಜೆ ಕಚೇರಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ ಹೋಗುತ್ತಾರೆ. ಫೈಬರ್ ಪೆಟ್ಟಿಗೆಯೂ ಆರುತ್ತದೆ. ಊರಿಗೆ ನೆಟ್ ಬೇಕಾಗುವುದೇ ಸಂಜೆಯಿಂದ. ಆ ಪೆಟ್ಟಿಗೆಗೆ ಬೇರೆ ಲೈನ್, ಒಂದು ಬ್ಯಾಟರಿ ಕೊಡಿ. ಟ್ಯಾಂಕ್‌ಗೂ ಕಚೇರಿಗೂ 100 ಮೀಟರ್‌ಗಿಂತ ಜಾಸ್ತಿ ದೂರ ಇದ್ದರೆ ಸಾದಾ ನೆಟ್‌ವರ್ಕ್ ಕೇಬಲ್ ಎಳೆಯಲು ಬರುವುದಿಲ್ಲ. ಅಷ್ಟಕ್ಕೆ ಫೈಬರ್ ತುಂಡು ಹಾಕಬೇಕು. ಅದರ ಖರ್ಚು ನಮ್ಮದೇ ಇರಲಿ.

ರೇಡಿಯೇಶನ್ ಎಂದು ಹೆದರುವವರಿಗೂ ಉತ್ತರ ಕೊಡಬೇಕು. ಅವರನ್ನು ನೋಡಿ ನಗುವುದು ಸರಿಯಲ್ಲ. ನಮ್ಮ ರೇಡಿಯೊ ಹೊರಗೆ ಬಿಡುವ ಶಕ್ತಿ ಒಂದು ವ್ಯಾಟ್‌ಗಿಂತ ಕಡಿಮೆ. ಡಿಶ್ ಅದನ್ನು ಒಂದೇ ದಿಕ್ಕಿಗೆ ಒಟ್ಟುಮಾಡಿ ಕಳಿಸುತ್ತದೆ, ಅದಕ್ಕೂ ಮಿತಿ ಇದೆ. ಮೊಬೈಲ್ ಟವರ್‌ನಲ್ಲಿ ಒಂದೊಂದು ದಿಕ್ಕಿಗೆ ಹತ್ತಾರು ವ್ಯಾಟ್ ಇರುತ್ತದೆ. ಡಿಶ್ ಇರುವುದು ಆಳಿನ ತಲೆಗಿಂತ ಎಷ್ಟೋ ಮೇಲೆ. ನೀರಿಗೆ ಅದರಿಂದ ಏನೂ ಆಗುವುದಿಲ್ಲ. ಡಿಶ್ ಕೂರಿಸುವ ದಿನ ಊರವರನ್ನು ಕರೆದು ತೋರಿಸಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಇದೇನು ಹೊಸ ಪ್ರಯೋಗವೂ ಅಲ್ಲ. ತಮಿಳುನಾಡಿನ ತೇನಿಯ ಅರವಿಂದ ಕಣ್ಣಿನ ಆಸ್ಪತ್ರೆಯವರು ಸುಮಾರು 20 ವರ್ಷದ ಹಿಂದೆಯೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, ದೂರದ ವೈಫೈ ಲಿಂಕ್‌ಗಳಿಂದ ಹಳ್ಳಿಗಳ ಕಣ್ಣಿನ ತಪಾಸಣಾ ಕೇಂದ್ರಗಳನ್ನು ಜೋಡಿಸಿದರು. ಹಳ್ಳಿಯ ರೋಗಿ ಅಲ್ಲೇ ಕೂತು ಆಸ್ಪತ್ರೆಯ ಡಾಕ್ಟರ್ ಜೊತೆ ವಿಡಿಯೊದಲ್ಲಿ ಮಾತಾಡಿದ. ಆಗಿನ ರೇಡಿಯೊಗಳು ಈಗಿನಷ್ಟು ಚೊಲೋ ಇರಲಿಲ್ಲ. ಇನ್ನು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಸಾಲಕ್ಕೆ ಸಂಘ ಕಟ್ಟಿದ ಜಿಲ್ಲೆಯಲ್ಲಿ ನೆಟ್‌ಗೆ ಯಾಕೆ ಕಟ್ಟಬಾರದು? ಹಾಲಿನ ಡೇರಿ, ಕೃಷಿ ಪತ್ತಿನ ಸಂಘಗಳಿಗೆ ಸ್ವಂತ ಕಟ್ಟಡ ಇದೆ, ಲೆಕ್ಕ ಬರೆಯುವವರಿದ್ದಾರೆ, ತಿಂಗಳ ಬಾಕಿ ವಸೂಲಿ ಮಾಡುವ ರೂಢಿ ಇದೆ. ಪರವಾನಗಿ ಇರುವ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಊರಿನ ಕನೆಕ್ಷನ್‌ಗಳನ್ನು ಅವರೇ ನೋಡಿಕೊಳ್ಳಬಹುದು. ಊರಿನ ಇಬ್ಬರು ಹುಡುಗರಿಗೆ ಡಿಶ್ ತಿರುಗಿಸುವುದು ಕಲಿಸಲು ಒಂದು ವಾರ ಸಾಕು. ನಾನೇ ಬಂದು ಕಲಿಸುತ್ತೇನೆ, ಊಟ ಹಾಕಿದರೆ ಆಯಿತು.

ಸುತ್ತೋಲೆ ಹೊರಡಿಸುವುದಿದ್ದರೆ ಸಂಕ್ರಾಂತಿಯೊಳಗೆ ಹೊರಡಿಸಿ. ಹಿಂಗಾರಿ ಪೀಕು ಕೊಯ್ದು, ಹೊಲದ ದಾರಿ ಒಣಗಿ, ಗಾಡಿ ಹೋಗುವ ಹಾಗಾಗುವುದು ಫೆಬ್ರುವರಿಯಲ್ಲಿ. ಅಡ್ಡಮಳೆ ಶುರುವಾಗುವುದು ಏಪ್ರಿಲ್‌ನಲ್ಲಿ. ಕಂಬ ನಿಲ್ಲಿಸಲು, ಟ್ಯಾಂಕ್ ಹತ್ತಲು ನಮಗೆ ಸಿಗುವುದು ಈ ನಡುವಿನ ಎರಡು ತಿಂಗಳು. ಸಿಡಿಲಿನ ಕಾಲದಲ್ಲಿ ಯಾರನ್ನೂ ಟ್ಯಾಂಕ್ ಮೇಲೆ ಹತ್ತಿಸಲು ಬರುವುದಿಲ್ಲ. ಮುಂಗಾರು ಹಿಡಿದ ಮೇಲೆ ಎರಿ ಹೊಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಆದೇಶ ಮೇ ತಿಂಗಳಲ್ಲಿ ಬಂದರೆ ಇನ್ನೊಂದು ವರ್ಷ ಹೋಯಿತು ಎಂದೇ ಲೆಕ್ಕ.

ಇಂತಿ ನಿಮ್ಮ ಓದುಗ,
ಒಬ್ಬ ವೈರ್‌ಲೆಸ್ ಲಿಂಕ್ ಕೆಲಸಗಾರ
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ